ಪಶ್ಚಿಮ ಬೆಂಗಳೂರಿನ ಫ್ಯಾಕ್ಸ್ ಮೋಡೆಮ್ ಕಾಲ

ಪರ್ಸನಲ್ ಕಂಪ್ಯೂಟರಿನಿಂದ ನೇರವಾಗಿ ಫ್ಯಾಕ್ಸ್ ಕಳಿಸುವ ಕಾರ್ಡನ್ನು ಅಮೆರಿಕದ ಗಾಮಾಲಿಂಕ್ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದಿತು. ಪಶ್ಚಿಮ ಬೆಂಗಳೂರಿನಲ್ಲಿ ಅದು ಸಾಮಾನ್ಯ ವಸ್ತುವಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. 1990ರ ದಶಕದ ನಡುವಿನಿಂದ 2005ರ ಆಸುಪಾಸಿನವರೆಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಕಂಪ್ಯೂಟರ್ ಕೊಳ್ಳಲು ಹೊರಟ ಸಣ್ಣ ಕಾರ್ಖಾನೆಯವರು, ಡಿ.ಟಿ.ಪಿ. ಅಂಗಡಿಯವರು, ಲೆಕ್ಕಪರಿಶೋಧಕರು, ಕೊನೆಗೆ ಮನೆಮಂದಿ ಕೂಡ, ಪರದೆ ಎಷ್ಟಿಂಚು, ಮೆಮೊರಿ ಎಷ್ಟು ಎಂದು ಕೇಳಿದ ಮೇಲೆ ಯಾವ ಮೋಡೆಮ್ ಹಾಕಿಸುವುದು ಎಂದು ಯೋಚಿಸುತ್ತಿದ್ದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಛಾಪಿಸಿದ ವೇಗದ ಅಂಕಿ ಈ ಆಯ್ಕೆಯಲ್ಲಿ ಅಷ್ಟೇನೂ ಮುಖ್ಯವಾಗಿರಲಿಲ್ಲ. ಮನೆ ಬಾಗಿಲಿಗೆ ಬಂದಿದ್ದ ದೂರವಾಣಿ ತಂತಿಯ ಗುಣವೇ ಹೆಚ್ಚಿನದನ್ನು ತೀರ್ಮಾನಿಸುತ್ತಿತ್ತು.

ಈ ಭಾಗಕ್ಕೆ ಫ್ಯಾಕ್ಸ್ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅದರ ಕಸುಬುಗಳಲ್ಲಿದೆ. ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕಚೇರಿ ಇರುವುದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. 1949ರಲ್ಲಿ ಸ್ಥಾಪನೆಯಾದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದ ಕಚೇರಿ ವಿಜಯನಗರದ ಮಾಗಡಿ ಕಾರ್ಡ್ ರಸ್ತೆಯಲ್ಲಿದೆ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳು, ಮಾಗಡಿ ರಸ್ತೆಯುದ್ದದ ವರ್ಕ್‌ಶಾಪುಗಳು, ಉತ್ತರಕ್ಕೆ ಪೀಣ್ಯ, ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಕುಂಬಳಗೋಡು, ಹೀಗೆ ಎಲ್ಲೆಲ್ಲೂ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರೇ. ಇಂಥವರ ದಿನ ನಡೆಯುವುದು ಕಾಗದದ ಮೇಲೆ. ಡ್ರಾಯಿಂಗ್ ಬರಬೇಕು, ಕೊಟೇಷನ್ ಹೋಗಬೇಕು, ಪರ್ಚೇಸ್ ಆರ್ಡರ್ ಕೈಗೆ ಸಿಗಬೇಕು, ಡೆಲಿವರಿ ಚಲನ್ನಿನ ಪ್ರತಿ ತಲುಪಬೇಕು. ಪುಣೆಯ ಗಿರಾಕಿ ಸಂಜೆಯೊಳಗೆ ದರ ಕೇಳಿದರೆ ಅಂಚೆ ನೆಚ್ಚಿಕೊಂಡು ಕೂರುವಂತಿರಲಿಲ್ಲ.

ಫ್ಯಾಕ್ಸಿಗೆ ಮುಂಚೆ ಇದ್ದದ್ದು ಟೆಲೆಕ್ಸ್. ಅದು ದೊಡ್ಡ ಕಂಪನಿಗಳಿಗೆ ಮಾತ್ರ ಕೈಗೆಟುಕುತ್ತಿತ್ತು. ಐದು ಬಿಟ್‌ನ ಸಂಕೇತದಲ್ಲಿ ರೋಮನ್ ದೊಡ್ಡಕ್ಷರ, ಅಂಕಿ, ಒಂದಷ್ಟು ಚಿಹ್ನೆ ಬಿಟ್ಟು ಬೇರೇನೂ ಹೋಗುತ್ತಿರಲಿಲ್ಲ. ಫ್ಯಾಕ್ಸಿಗೆ ಅಕ್ಷರದ ಪರಿಚಯವೇ ಇಲ್ಲ. ಅದು ಹಾಳೆಯನ್ನು ಕಪ್ಪು-ಬಿಳಿ ಚುಕ್ಕೆಗಳ ಚಿತ್ರವೆಂದು ನೋಡುತ್ತದೆ. ಆದ್ದರಿಂದ ಎಂಜಿನಿಯರಿಂಗ್ ಡ್ರಾಯಿಂಗ್, ಸೀಲು-ಸಹಿ, ಕನ್ನಡದ ಪತ್ರ ಎಲ್ಲವೂ ಅದಕ್ಕೆ ಒಂದೇ. ಜಪಾನಿನಲ್ಲಿ ಫ್ಯಾಕ್ಸ್ ಅಷ್ಟು ಬೇಗ ಬೇರೂರಲು ಅಲ್ಲಿನ ಚಿತ್ರಲಿಪಿಯೂ ಒಂದು ಕಾರಣ ಎನ್ನುತ್ತಾರೆ. ಕನ್ನಡಕ್ಕೂ ಆ ಮಾತು ಹೊಂದುತ್ತದೆ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕನ್ನಡ ಅಕ್ಷರ ಸರಿಯಾಗಿ ಹೋಗುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಫ್ಯಾಕ್ಸಿನಲ್ಲಿ ಕನ್ನಡದ ಹಾಳೆ ಹೋಗುತ್ತಿತ್ತು.

1980ರಲ್ಲಿ ಗಟ್ಟಿಯಾದ ಗ್ರೂಪ್ 3 ಎಂಬ ಅಂತರರಾಷ್ಟ್ರೀಯ ಮಾನಕವೇ ಇದಕ್ಕೆಲ್ಲ ತಳಹದಿ. ಅದರ ಪ್ರಕಾರ ಎ4 ಹಾಳೆಯ ಒಂದು ಅಡ್ಡಗೆರೆಯಲ್ಲಿ 1728 ಚುಕ್ಕೆ. ಉದ್ದಕ್ಕೆ ಸಾಧಾರಣ ದರ್ಜೆಯಲ್ಲಿ ಇಂಚಿಗೆ ಸುಮಾರು 98 ಗೆರೆ, 'ಫೈನ್' ದರ್ಜೆಯಲ್ಲಿ ಅದರ ಎರಡರಷ್ಟು. ಸಾಧಾರಣ ದರ್ಜೆಯಲ್ಲೇ ಒಂದು ಹಾಳೆ ಎಂದರೆ ಇಪ್ಪತ್ತು ಲಕ್ಷದ ಹತ್ತಿರ ಚುಕ್ಕೆ. ಅದನ್ನು ಹಾಗೆಯೇ ಸೆಕೆಂಡಿಗೆ 9600 ಬಿಟ್‌ನಂತೆ ಕಳಿಸಿದರೆ ಮೂರು ನಿಮಿಷಕ್ಕೂ ಮೀರುತ್ತದೆ. ಹಾಳೆಯ ಬಹುಪಾಲು ಬರೀ ಬಿಳಿ. ಬಿಳಿಯ ಉದ್ದವನ್ನು ಒಂದು ಚಿಕ್ಕ ಸಂಕೇತದಲ್ಲಿ ಹೇಳಿಬಿಡುವ ಉಪಾಯದಿಂದ ಒಂದು ಸಾಮಾನ್ಯ ಪತ್ರ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. ಇಂಗ್ಲಿಷಿಗೆ ಸಾಧಾರಣ ದರ್ಜೆ ಸಾಕು. ಕನ್ನಡಕ್ಕೆ ಸಾಲದು. ಹತ್ತು ಪಾಯಿಂಟಿನ ಅಕ್ಷರದಲ್ಲಿ 'ಕ್ಷ್ಮೀ', 'ತ್ಸ್ನಾ'ಗಳ ಒತ್ತು ನಾಲ್ಕಾರು ಗೆರೆಯೊಳಗೆ ಮುದುಡಿ ಬರೀ ಮಸಿಯ ಗುಡ್ಡೆಯಾಗುತ್ತದೆ. ತಲೆಕಟ್ಟು, ಗುಡಿಸು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಫೈನ್‌ನಲ್ಲಿ ಕಳಿಸಿದರೆ ಓದಬಹುದು, ಆದರೆ ಸಮಯ ಹೆಚ್ಚುಕಡಿಮೆ ಎರಡರಷ್ಟು, ಎಸ್.ಟಿ.ಡಿ. ಆದರೆ ಬಿಲ್ಲೂ ಅಷ್ಟೇ.

ಮೊದಲು ಬಂದದ್ದು ಮೋಡೆಮ್ ಅಲ್ಲ, ಫ್ಯಾಕ್ಸ್ ಯಂತ್ರ. ಅದನ್ನು ಕೊಳ್ಳಲಾಗದವರಿಗೆ ಹಳದಿ ಬೋರ್ಡಿನ ಎಸ್.ಟಿ.ಡಿ.-ಐ.ಎಸ್.ಡಿ.-ಪಿ.ಸಿ.ಒ. ಬೂತುಗಳಿದ್ದವು. ಬೋರ್ಡಿನ ಕೆಳಗೆ 'ಜೆರಾಕ್ಸ್', 'ಫ್ಯಾಕ್ಸ್' ಎಂದು ಒಂದೊಂದೇ ಸಾಲು ಸೇರುತ್ತಾ ಹೋಯಿತು. ಬೂತಿನಲ್ಲಿ ಗುಟ್ಟು ಉಳಿಯುವುದಿಲ್ಲ. ಯಾರ ಕೊಟೇಷನ್ ಎಷ್ಟು ಎಂಬುದು ಸರತಿಯಲ್ಲಿ ಹಿಂದೆ ನಿಂತವನಿಗೂ ಕಾಣುತ್ತಿತ್ತು. ಬಂದ ಫ್ಯಾಕ್ಸ್ ಥರ್ಮಲ್ ಕಾಗದದ ಸುರುಳಿಯಲ್ಲಿ ಬರುತ್ತಿತ್ತು, ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತಿತ್ತು. ಜಾಣ ಗುಮಾಸ್ತರು ಬಂದ ಕೂಡಲೇ ಅದರ ಜೆರಾಕ್ಸ್ ತೆಗೆಸಿ ಫೈಲಿಗೆ ಹಾಕುತ್ತಿದ್ದರು. ಹೇಗೂ ಲೆಕ್ಕಪತ್ರಕ್ಕೆಂದು ಕಂಪ್ಯೂಟರ್ ತರಿಸುತ್ತಿರುವಾಗ, ಒಂದು ಕಾರ್ಡು ಹೆಚ್ಚಿಗೆ ಹಾಕಿಸಿದರೆ ಫ್ಯಾಕ್ಸೂ ಆಗುತ್ತದೆ ಎಂಬ ಮಾತು ಹಿಡಿಸಿದ್ದು ಈ ಹಿನ್ನೆಲೆಯಲ್ಲಿ.

ಆರಂಭದ ಕಾರ್ಡುಗಳಲ್ಲಿ ಒಂದು ಬಲೆ ಇತ್ತು. ಡಬ್ಬಿಯ ಮೇಲೆ 9600 ಮತ್ತು 2400 ಎಂದು ಎರಡು ಅಂಕಿ ಇರುತ್ತಿದ್ದವು. ಮೊದಲನೆಯದು ಫ್ಯಾಕ್ಸಿನ ವೇಗ, ಎರಡನೆಯದು ದತ್ತಾಂಶದ್ದು. ಎರಡಕ್ಕೂ ಸಂಬಂಧವಿಲ್ಲ, ಎರಡರ ಮಾನಕಗಳೇ ಬೇರೆ. ಇನ್ನು ಕೆಲವು ಕಾರ್ಡು ಫ್ಯಾಕ್ಸ್ ಕಳಿಸುತ್ತಿದ್ದವೇ ಹೊರತು ತೆಗೆದುಕೊಳ್ಳುತ್ತಿರಲಿಲ್ಲ. 1991ರಲ್ಲಿ ಫ್ಯಾಕ್ಸಿಗೆ ವಿ.17, ದತ್ತಾಂಶಕ್ಕೆ ವಿ.32ಬಿಸ್ ಎಂಬ ಮಾನಕಗಳು ಬಂದು ಎರಡೂ 14,400ಕ್ಕೆ ಏರಿದವು. ಆಮೇಲೆ ದತ್ತಾಂಶದ ವೇಗ 1994ರಲ್ಲಿ 28,800, 1996ರಲ್ಲಿ 33,600, 1998ರ ವಿ.90ರಲ್ಲಿ 56,000 ಎಂದು ಓಡಿತು. ಫ್ಯಾಕ್ಸ್ ಮಾತ್ರ ಪಿ.ಸಿ. ಮೋಡೆಮುಗಳಲ್ಲಿ ಹೆಚ್ಚುಕಡಿಮೆ 14,400ರಲ್ಲೇ ನಿಂತಿತು. ಬರೀ ಫ್ಯಾಕ್ಸಿಗೆಂದು 1999ರಲ್ಲಿ 56ಕೆ ಕೊಂಡವರು ಐದಾರು ವರ್ಷ ಹಳೆಯ ಮೋಡೆಮಿನಷ್ಟೇ ಕೆಲಸಕ್ಕೆ ಹೆಚ್ಚು ದುಡ್ಡು ಕೊಟ್ಟಂತಾಯಿತು. ಕಂಪ್ಯೂಟರ್ ಮಾರುವ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಲಾಭವಿರಲಿಲ್ಲ.

ಬಲ್ಲವರು ನೋಡುತ್ತಿದ್ದದ್ದು ಬೇರೆ ಎರಡು ಸಂಗತಿ. ಒಂದು, ಕ್ಲಾಸ್. ಫ್ಯಾಕ್ಸ್ ಕರೆಯ ಶಿಷ್ಟಾಚಾರ ಬಲು ಕಟ್ಟುನಿಟ್ಟು. ಕರೆಯುವ ಯಂತ್ರ 1100 ಹರ್ಟ್ಸ್‌ನ ಸ್ವರವನ್ನು ಮೂರು ಸೆಕೆಂಡು ಬಿಟ್ಟು ಬಿಟ್ಟು ಅರ್ಧ ಸೆಕೆಂಡು ಕೂಗುತ್ತದೆ. ಎತ್ತಿಕೊಂಡ ಯಂತ್ರ 2100 ಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಎರಡೂ ತಮ್ಮ ಶಕ್ತಿ ಹೇಳಿಕೊಂಡು, ತಂತಿಯನ್ನು ಪರೀಕ್ಷಿಸಿ, ಒಪ್ಪಿದ ವೇಗದಲ್ಲಿ ಪುಟ ಕಳಿಸುತ್ತವೆ. ತಂತಿ ತಾಳದಿದ್ದರೆ 14,400ರಿಂದ 9600, 7200, 4800, ಕೊನೆಗೆ 2400ಕ್ಕೆ ಇಳಿಯುತ್ತವೆ. ಕ್ಲಾಸ್ 1 ಮೋಡೆಮಿನಲ್ಲಿ ಈ ಮಾತುಕತೆಯ ಹೊಣೆ ಕಂಪ್ಯೂಟರಿನದು. ಕ್ಲಾಸ್ 2ರಲ್ಲಿ ಮೋಡೆಮಿನದು. 386, 486 ಯಂತ್ರಗಳಲ್ಲಿ ವಿಂಡೋಸ್ ಬೇರೆ ಕೆಲಸದಲ್ಲಿ ಒಂದು ಕ್ಷಣ ಮುಳುಗಿದರೂ ಕ್ಲಾಸ್ 1ರ ಕರೆ ಕಡಿದುಹೋಗುತ್ತಿತ್ತು. ಹಾಗಿದ್ದರೂ ಕ್ಲಾಸ್ 1 ಸರಳ, ಎಲ್ಲ ತಂತ್ರಾಂಶಕ್ಕೂ ಒಗ್ಗುತ್ತಿತ್ತು. ಕ್ಲಾಸ್ 2 ಎಂಬುದು ಮಾನಕ ಅಂತಿಮವಾಗುವ ಮೊದಲೇ ಅದರ ಕರಡು ನೋಡಿ ಮಾಡಿದ್ದು. ಅಂತಿಮ ರೂಪಕ್ಕೆ 2.0 ಎಂಬ ಬೇರೆ ಹೆಸರು ಕೊಡಬೇಕಾಯಿತು. ಡಬ್ಬಿಯ ಮೇಲೆ ಈ ವಿಷಯ ಇರದಿದ್ದರೆ ಅಂಗಡಿಯಲ್ಲೇ ಟರ್ಮಿನಲ್ ತೆರೆದು 'ಎಟಿ+ಎಫ್‌ಕ್ಲಾಸ್=?' ಎಂದು ಬೆರಳಚ್ಚಿಸಿದರೆ ಮೋಡೆಮೇ ತಾನು ಯಾವ ಯಾವ ಕ್ಲಾಸ್ ಬಲ್ಲೆ ಎಂದು ಸಾಲಾಗಿ ಹೇಳುತ್ತಿತ್ತು. ಈ 'ಎಟಿ' ಆದೇಶಗಳು 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮಿನಿಂದ ಬಂದ ಬಳುವಳಿ.

ಎರಡನೆಯದು ಕಂಪ್ಯೂಟರಿನ ಸೀರಿಯಲ್ ಪೋರ್ಟಿನೊಳಗಿನ ಚಿಪ್. ಹಳೆಯ 8250, 16450 ಚಿಪ್ಪುಗಳು ಒಂದೇ ಒಂದು ಬೈಟ್ ಹಿಡಿದಿಡಬಲ್ಲವು. ಮುಂದಿನದು ಬರುವುದರೊಳಗೆ ಕಂಪ್ಯೂಟರ್ ಅದನ್ನು ತೆಗೆದುಕೊಳ್ಳದಿದ್ದರೆ ಅದು ಕಳೆದುಹೋದಂತೆ. 16550ಎ ಚಿಪ್ಪಿನಲ್ಲಿ ಹದಿನಾರು ಬೈಟಿನ ಜಾಗವಿತ್ತು. ಹಳೆಯ ಕಂಪ್ಯೂಟರಿಗೆ ಹೊರಗಿನ ವೇಗದ ಮೋಡೆಮ್ ಕೂರಿಸಿ, ಫ್ಯಾಕ್ಸಿನ ಪುಟದ ನಡುವೆ ಗೆರೆಗಳು ಜಾರಿಹೋಗುವುದನ್ನು ಕಂಡು ಮೋಡೆಮನ್ನೇ ಬೈದವರು ಕಡಿಮೆಯಲ್ಲ.

ಇಷ್ಟೆಲ್ಲ ಸರಿಯಿದ್ದರೂ ಕೊನೆಯ ಮಾತು ತಂತಿಯದು. ಆಗ ಜಾರಿಯಲ್ಲಿದ್ದ ಭಾರತದ ಟೆಲಿಗ್ರಾಫ್ ಕಾಯ್ದೆ 1885ರದು. ದೂರವಾಣಿ ತಂತಿಗೆ ಏನು ಜೋಡಿಸಬೇಕಾದರೂ ಇಲಾಖೆಯ ಒಪ್ಪಿಗೆ ಬೇಕೆಂಬ ನಿಯಮದ ನೆರಳು ಮೋಡೆಮಿನ ಮೇಲೂ ಇತ್ತು. ದೂರವಾಣಿ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ವರ್ಷಗಟ್ಟಲೆ ಕಾದು ಪಡೆದ ಒಂದೇ ಲೈನಿಗೆ ಫ್ಯಾಕ್ಸನ್ನೂ ಮಾತನ್ನೂ ಹೊಂದಿಸಬೇಕಿತ್ತು. ದೂರವಾಣಿ ಉಪಕರಣಗಳನ್ನು ತಯಾರಿಸುವ ಐ.ಟಿ.ಐ. 1948ರಿಂದ ನಗರದ ಪೂರ್ವದ ದೂರವಾಣಿನಗರದಲ್ಲಿತ್ತು. ಆದರೂ ಪಶ್ಚಿಮದವರಿಗೆ ಅದರಿಂದ ವಿಶೇಷ ಅನುಕೂಲವೇನೂ ಆಗಲಿಲ್ಲ. ಹಳೆಯ ಯಾಂತ್ರಿಕ ಎಕ್ಸ್‌ಚೇಂಜುಗಳು ಒಂದೊಂದಾಗಿ ಇ-10ಬಿ, ಸಿ-ಡಾಟ್ ಮೊದಲಾದ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ಬದಲಾಗುತ್ತಿದ್ದ ದಿನಗಳವು. ಹಳೆಯದರ ಮೇಲೆ ಪಲ್ಸ್ ಡಯಲ್ ಮಾಡಬೇಕು, ಹೊಸದರ ಮೇಲೆ ಟೋನ್ ಸಾಕು. ವಿದೇಶದ ಡಯಲ್ ಟೋನಿಗೆ ಒಗ್ಗಿದ ಮೋಡೆಮುಗಳು ಇಲ್ಲಿನ ಟೋನನ್ನು ಗುರುತಿಸದೆ 'ನೋ ಡಯಲ್ ಟೋನ್' ಎಂದು ಸುಮ್ಮನಾಗುತ್ತಿದ್ದವು. ಆರಂಭದ ಆದೇಶಕ್ಕೆ 'ಎಕ್ಸ್3' ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತಿದ್ದವು. ಊರಿನ ಅರ್ಧ ಮೋಡೆಮುಗಳಿಗೆ ಜೀವ ಕೊಟ್ಟದ್ದು ಈ ಎರಡಕ್ಷರ ಎಂದರೆ ಅತಿಶಯವಾಗಲಾರದು.

ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ತಂತಿಯಲ್ಲಿ ಸಂಕೇತ ಸೊರಗುತ್ತದೆ, ಮೇಲಿನ ಸ್ವರಗಳು ಮೊದಲು ಸಾಯುತ್ತವೆ. ಎಕ್ಸ್‌ಚೇಂಜಿನ ಪಕ್ಕದ ಬೀದಿಯಲ್ಲಿ ಆರಾಮವಾಗಿ ಓಡುವ ಮೋಡೆಮ್ ಕೆಂಗೇರಿಯಾಚೆಯ ಶೆಡ್ಡಿನಲ್ಲಿ ಏದುಸಿರು ಬಿಡುವುದು ಇದರಿಂದ. ಭೂಮಿಯೊಳಗಿನ ಕೇಬಲ್ಲಿನ ಜೋಡಣೆಗೆ ಮಳೆನೀರು ಇಳಿದರೆ ಲೈನಿನಲ್ಲಿ ಗರಗರ. ಮಾತು ಹೇಗೋ ಕೇಳಿಸೀತು, ಫ್ಯಾಕ್ಸ್ ಹೋಗದು. ಕಂಬದಿಂದ ಮನೆಗೆ ಎಳೆದ ತಂತಿ, ಗೋಡೆಯ ಮೇಲಿನ ರೋಸೆಟ್ ಪೆಟ್ಟಿಗೆಯ ಸಡಿಲ ಸ್ಕ್ರೂ, ಒಳಕೋಣೆಗೆ ಎಳೆದ ಪ್ಯಾರಲಲ್ ಫೋನು, ಒಂದೊಂದೂ ಒಂದೊಂದು ಶತ್ರು. ಪುಟ ಅರ್ಧ ಹೋಗಿರುವಾಗ ಒಳಗಿನವರು ರಿಸೀವರ್ ಎತ್ತಿ 'ಹಲೋ' ಎಂದರೆ ಮುಗಿಯಿತು. ಆ ಕಾಲದಲ್ಲಿ ಮೋಡೆಮ್ ಬಗ್ಗೆ ಒಳ್ಳೆಯ ಸಲಹೆ ಕೊಡಬಲ್ಲವನು ಅಂಗಡಿಯವನಲ್ಲ, ಆ ಬೀದಿಯ ಲೈನ್‌ಮ್ಯಾನ್.

ಹೊರಗಿನ ಮೋಡೆಮೋ ಒಳಗಿನ ಕಾರ್ಡೋ ಎಂಬ ವಾದವೂ ತಂತಿಗೇ ಬಂದು ನಿಲ್ಲುತ್ತಿತ್ತು. ಒಳಗಿನದು ಅಗ್ಗ, ಮೇಜಿನ ಜಾಗ ತಿನ್ನುವುದಿಲ್ಲ, ಬೇರೆ ಅಡಾಪ್ಟರ್ ಬೇಡ. ಆದರೆ ಹಳೆಯ ಐ.ಎಸ್.ಎ. ಕಾರ್ಡುಗಳಲ್ಲಿ ಪುಟಾಣಿ ಜಂಪರ್‌ಗಳನ್ನು ಚಿಮಟದಿಂದ ಕಿತ್ತು ಕೂರಿಸಿ ಕಾಮ್ 3 ಅಥವಾ ಕಾಮ್ 4 ಎಂದು ಗುರುತಿಸಬೇಕು. ಕಾಮ್ 1ರ ಮೌಸ್ ಬಳಸುವ ಇಂಟರಪ್ಟನ್ನೇ ಕಾಮ್ 3 ಕೂಡ ಕೇಳುತ್ತಿದ್ದರಿಂದ, ಫ್ಯಾಕ್ಸ್ ಹೊರಟ ಕೂಡಲೇ ಮೌಸ್ ಕಲ್ಲಾಗುತ್ತಿತ್ತು. ಹೊರಗಿನದರ ಮುಖದ ಮೇಲೆ ಪುಟ್ಟ ದೀಪಗಳ ಸಾಲು: ತಂತಿ ಎತ್ತಿಕೊಂಡಿತೇ, ಆ ಕಡೆಯ ದನಿ ಸಿಕ್ಕಿತೇ, ದತ್ತಾಂಶ ಹೋಗುತ್ತಿದೆಯೇ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಸಿಕ್ಕಿಹಾಕಿಕೊಂಡರೆ ಅದನ್ನಷ್ಟೇ ಆರಿಸಿ ಹೊತ್ತಿಸಿದರಾಯಿತು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮಿಂಚು ತಂತಿಯಲ್ಲಿ ಹರಿದು ಬಂದಾಗ ಹೊರಗಿನ ಮೋಡೆಮ್ ಸುಟ್ಟರೆ ಹೆಚ್ಚಾಗಿ ನಷ್ಟ ಅಷ್ಟಕ್ಕೇ ನಿಲ್ಲುತ್ತಿತ್ತು. ಒಳಗಿನದು ಸುಡುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯುವ ಭಯವಿತ್ತು. ಮಳೆಮೋಡ ಕಂಡ ಕೂಡಲೇ ಗೋಡೆಯಿಂದ ತಂತಿ ಕೀಳುವುದು ಎಷ್ಟೋ ಮನೆಗಳಲ್ಲಿ ರೂಢಿಯಾಯಿತು. ವ್ಯಾಪಾರದವರು ಸಾಮಾನ್ಯವಾಗಿ ಹೊರಗಿನದಕ್ಕೇ ಒಲಿದದ್ದು ಸರಿಯಾಗಿಯೇ ಇತ್ತು.

ಫ್ಯಾಕ್ಸಿನ ತಂತ್ರಾಂಶ ಮೋಡೆಮಿನ ಡಬ್ಬಿಯೊಳಗೇ ಬರುತ್ತಿತ್ತು. ಕೆನಡಾದ ಡೆಲ್ರಿನಾ ಕಂಪನಿಯ ವಿನ್‌ಫ್ಯಾಕ್ಸ್ ಇವುಗಳಲ್ಲಿ ಹೆಸರುವಾಸಿ. 1995ರಲ್ಲಿ ಸಿಮ್ಯಾಂಟೆಕ್ ಆ ಕಂಪನಿಯನ್ನು ಕೊಂಡಿತು. ವಿಂಡೋಸ್ 95ರ ಜೊತೆ ಮೈಕ್ರೋಸಾಫ್ಟ್ ಫ್ಯಾಕ್ಸ್ ಎಂಬುದೂ ಬಂತು. ಎಲ್ಲದರ ಉಪಾಯ ಒಂದೇ: ಕಂಪ್ಯೂಟರಿಗೆ ಫ್ಯಾಕ್ಸನ್ನು ಇನ್ನೊಂದು ಪ್ರಿಂಟರ್ ಎಂದು ತೋರಿಸುವುದು. ಯಾವ ತಂತ್ರಾಂಶದಲ್ಲಿ ಏನು ಬರೆದಿದ್ದರೂ 'ಪ್ರಿಂಟ್' ಒತ್ತಿದರೆ ಫ್ಯಾಕ್ಸ್ ನಂಬರ್ ಕೇಳುವ ಕಿಟಕಿ ತೆರೆಯುತ್ತಿತ್ತು. ಶ್ರೀಲಿಪಿ, ಆಕೃತಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಲ್ಲಿ ಒಂದೊಂದರ ಫಾಂಟ್ ಸಂಕೇತ ಒಂದೊಂದು ತರಹ. ಒಂದರಲ್ಲಿ ಬರೆದ ಪತ್ರವನ್ನು ಇ-ಮೇಲಿನಲ್ಲಿ ಕಳಿಸಿದರೆ ಅದೇ ಫಾಂಟ್ ಇಲ್ಲದ ಕಡೆ ಬರೀ ಅಡ್ಡಾದಿಡ್ಡಿ ಲ್ಯಾಟಿನ್ ಅಕ್ಷರ ಕಾಣುತ್ತಿತ್ತು. ಫ್ಯಾಕ್ಸ್ ಮೋಡೆಮಿಗೆ ಆ ತಕರಾರಿಲ್ಲ. ಸ್ಕ್ಯಾನರಿನ ಧೂಳು, ಓರೆ-ಕೋರೆ ಇಲ್ಲದೆ ಚುಕ್ಕೆಗಳು ಕಂಪ್ಯೂಟರಿನಿಂದಲೇ ನೇರ ಹೊರಡುತ್ತಿದ್ದರಿಂದ, ಯಂತ್ರದಿಂದ ಕಳಿಸಿದ ಹಾಳೆಗಿಂತ ಅಕ್ಷರ ಚೊಕ್ಕವಾಗಿಯೂ ಇರುತ್ತಿತ್ತು. ಕನ್ನಡದ ಮಟ್ಟಿಗೆ ಫ್ಯಾಕ್ಸ್ ಮೋಡೆಮಿನ ನಿಜವಾದ ಹೆಚ್ಚುಗಾರಿಕೆ ಇದು. ಜಾಹೀರಾತುಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಕುಂದುಕೊರತೆಗಳೂ ದೊಡ್ಡವೇ. ಕಂಪ್ಯೂಟರಿನಲ್ಲಿ ಇರುವುದನ್ನು ಮಾತ್ರ ಮೋಡೆಮ್ ಕಳಿಸಬಲ್ಲದು. ಸೀಲು ಒತ್ತಿ ಸಹಿ ಹಾಕಿದ ಚಲನ್ ಕಳಿಸಲು ಸ್ಕ್ಯಾನರ್ ಬೇಕು, ಅದು ಬೇರೆ ಖರ್ಚು. ಕೆಲವರು ಮಾಲೀಕರ ಸಹಿಯನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ ಚಿತ್ರವಾಗಿ ಇಟ್ಟುಕೊಂಡು ಪ್ರತಿ ಕೊಟೇಷನ್ನಿನ ಕೆಳಗೆ ಅಂಟಿಸುತ್ತಿದ್ದರು. ಅನುಕೂಲ ಸರಿ, ಅಪಾಯವೂ ಅಷ್ಟೇ. ಫ್ಯಾಕ್ಸ್ ಬರಬೇಕಾದರೆ ಕಂಪ್ಯೂಟರ್ ಹಗಲಿರುಳೂ ಹೊತ್ತಿರಬೇಕು. ಕರೆಂಟು ಹೇಳದೆ ಕೇಳದೆ ಹೋಗುವ ಬೇಸಿಗೆಯಲ್ಲಿ ಇದು ಆಗದ ಮಾತು, ಯು.ಪಿ.ಎಸ್. ಹೊತ್ತಿಸಿಡುವುದು ಎಷ್ಟು ಹೊತ್ತು? ಹಾಗಾಗಿ ಕಳಿಸಲು ಮೋಡೆಮ್, ತೆಗೆದುಕೊಳ್ಳಲು ಯಂತ್ರ ಅಥವಾ ಪಕ್ಕದ ಬೂತಿನ ನಂಬರ್ ಎಂಬ ಇಬ್ಬಗೆಯ ಏರ್ಪಾಡು ನಡೆಯಿತು. ಲೆಟರ್‌ಹೆಡ್ಡಿನಲ್ಲಿ ಫ್ಯಾಕ್ಸ್ ನಂಬರಿನ ಪಕ್ಕ 'ಪಿ.ಪಿ.', ಅಂದರೆ ನಂಬರ್ ಬೇರೆಯವರದು, ಎಂಬ ಎರಡಕ್ಷರ ಛಾಪಿಸಿಕೊಂಡವರೂ ಇದ್ದರು.

1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ ಮೋಡೆಮ್ ಕೊಳ್ಳುವ ಕಾರಣವೇ ಮಗುಚಿತು. ಅಲ್ಲಿಯವರೆಗೆ ಫ್ಯಾಕ್ಸ್ ಮುಖ್ಯ, ದತ್ತಾಂಶ ಜೊತೆಗೆ ಬಂದದ್ದು. ಇನ್ನು ಮೇಲೆ ದತ್ತಾಂಶ ಮುಖ್ಯ. ಚಿತ್ರ ಕಾಣುವ ಟಿ.ಸಿ.ಪಿ./ಐ.ಪಿ. ಖಾತೆ ದುಬಾರಿ, ವಿದ್ಯಾರ್ಥಿಗಳಿಗೆ ಬರೀ ಅಕ್ಷರ ಕಾಣುವ ಅಗ್ಗದ ಶೆಲ್ ಖಾತೆ. ಆ ದಿನಗಳ ಸಂಪರ್ಕಕ್ಕೆ 14,400ರ ಮೋಡೆಮೇ ಧಾರಾಳವಾಗಿತ್ತು. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ಸಿಕ್ಕಿ, ಸತ್ಯಂ ಆನ್‌ಲೈನ್ ಮೊದಲಾದವು ಬಂದು, ಗಂಟೆಗಳ ಲೆಕ್ಕದ ಸಿ.ಡಿ. ಪೊಟ್ಟಣಗಳು ಅಂಗಡಿಗಳಲ್ಲಿ ತೂಗಾಡತೊಡಗಿದಾಗ ಗಂಟೆಯ ದರ ಇಳಿಯಿತು. ಆಗ ಜನ ದೂರವಾಣಿ ಬಿಲ್ಲಿನ ಕಡೆ ನೋಡಿದರು. ವೇಗದ ಮೋಡೆಮ್ ಅಷ್ಟೇ ಕೆಲಸಕ್ಕೆ ಕಡಿಮೆ ಹೊತ್ತು ಲೈನ್ ಹಿಡಿಯುತ್ತದೆ ಎಂಬ ಲೆಕ್ಕ ಮೊದಲ ಬಾರಿಗೆ ಅರ್ಥಪೂರ್ಣವಾಯಿತು.

56ಕೆ ಮೋಡೆಮ್ ಜನಪ್ರಿಯವಾಗುವುದಕ್ಕೆ ಮೊದಲೇ ಜಗಳ ತಂದಿತ್ತು. 1997ರಲ್ಲಿ ಯು.ಎಸ್. ರೋಬೋಟಿಕ್ಸ್‌ನ ಎಕ್ಸ್2 ಒಂದು ಕಡೆ, ರಾಕ್‌ವೆಲ್ ಮತ್ತು ಲೂಸೆಂಟ್‌ನ ಕೆ56ಫ್ಲೆಕ್ಸ್ ಇನ್ನೊಂದು ಕಡೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ವಿ.90 ಈ ಜಗಳ ತೀರಿಸಿತು. ಎರಡು ಕೊನೆಗಳ ನಡುವೆ ಸಂಕೇತ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಸಲ ಬದಲಾದರೆ ಮಾತ್ರ ಆ ವೇಗ ಸಾಧ್ಯ. ದಾರಿಯಲ್ಲಿ ಇನ್ನೊಂದು ಬದಲಾವಣೆ ಇದ್ದರೆ 33,600ಕ್ಕೇ ತೃಪ್ತಿ. ಹೊಸ ಬಡಾವಣೆಗಳಲ್ಲಿ ಒಂದೇ ಜೋಡಿ ತಂತಿಯಲ್ಲಿ ಎರಡು ದೂರವಾಣಿ ಓಡಿಸುವ ಪೇರ್ ಗೇನ್ ಪೆಟ್ಟಿಗೆ ಕೂರಿಸಿದ್ದರೆ ಅದೂ ಇಲ್ಲ.

ಇದೇ ಹೊತ್ತಿಗೆ ವಿನ್‌ಮೋಡೆಮ್ ಎಂಬ ಅಗ್ಗದ ಪಿ.ಸಿ.ಐ. ಕಾರ್ಡು ಮಾರುಕಟ್ಟೆ ತುಂಬಿತು. ಮೋಡೆಮಿನ ಕೆಲಸದ ಬಹುಪಾಲನ್ನು ಕಂಪ್ಯೂಟರಿನ ಪ್ರೊಸೆಸರಿಗೆ ಹೊರಿಸಿ, ಕಾರ್ಡಿನ ಮೇಲೆ ಬೆರಳೆಣಿಕೆಯ ಚಿಪ್ಪುಗಳನ್ನಷ್ಟೇ ಉಳಿಸಿದ್ದು ಅದರ ಅಗ್ಗದ ಗುಟ್ಟು. ಜೋಡಿಸಿದ ಕಂಪ್ಯೂಟರುಗಳಲ್ಲಿ ಇವೇ ಬಂದವು. ವಿಂಡೋಸ್ ಬಳಸುವ ಮನೆಗಳಿಗೆ ಇದರಿಂದ ಅಂಥ ನಷ್ಟವಿರಲಿಲ್ಲ. ಆದರೆ ಗಲಾಟೆಯ ತಂತಿಯಲ್ಲಿ ನಿಜವಾದ ಮೋಡೆಮಿನಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಲಿನಕ್ಸ್ ಬಳಸುವವರಿಗಂತೂ ಅದು ಹೆಚ್ಚಾಗಿ ಬರೀ ತಗಡು, ಏಕೆಂದರೆ ಬೇಕಾದ ಡ್ರೈವರ್ ವಿಂಡೋಸ್‌ಗೆ ಮಾತ್ರ ಇರುತ್ತಿತ್ತು. ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ಬಳಗ ಚುರುಕಾಗಿದ್ದ ಕಾಲವದು. ಹೈಲಾಫ್ಯಾಕ್ಸ್ ಅಥವಾ ಎಂಗೆಟ್ಟಿ ತಂತ್ರಾಂಶ ಹಾಕಿ ಇಡೀ ಕಚೇರಿಗೆ ಒಂದೇ ಫ್ಯಾಕ್ಸ್ ಸರ್ವರ್ ಮಾಡಲು ಹೊರಟವರು ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹಳೆಯ ಮೋಡೆಮುಗಳನ್ನು ಹುಡುಕಿ ಕೊಳ್ಳುತ್ತಿದ್ದರು.

2000ದ ಅಕ್ಟೋಬರ್ 1ರಂದು ದೂರವಾಣಿ ಸೇವೆ ಇಲಾಖೆಯಿಂದ ಬಿ.ಎಸ್.ಎನ್.ಎಲ್.ಗೆ ಹೋಯಿತು. ಮುಂದೆ ರಾಜಾಜಿನಗರದ 332ರಂಥ ಏಳಂಕಿಯ ನಂಬರುಗಳ ಮೊದಲಿಗೆ 2 ಸೇರಿ ಎಂಟಂಕಿಯಾದಾಗ, ಫ್ಯಾಕ್ಸ್ ತಂತ್ರಾಂಶದ ವಿಳಾಸಪುಸ್ತಕಗಳನ್ನೆಲ್ಲ ತಿದ್ದಬೇಕಾಯಿತು. ಬಹಳಷ್ಟು ಕಡೆ ಯಾರೂ ತಿದ್ದಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಕೊಟೇಷನ್ನು ಇ-ಮೇಲಿಗೆ ಜಾರಿತ್ತು. 2005ರಲ್ಲಿ ಬಿ.ಎಸ್.ಎನ್.ಎಲ್. ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂತು. ಅದೇ ತಾಮ್ರದ ಜೋಡಿ ತಂತಿಯ ಮೇಲೆ, ಮಾತಿಗಿಂತ ಮೇಲಿನ ಆವರ್ತನಗಳಲ್ಲಿ ದತ್ತಾಂಶ ಹರಿಯುತ್ತಿದ್ದುದರಿಂದ ಫೋನೂ ಇಂಟರ್ನೆಟ್ಟೂ ಒಟ್ಟಿಗೆ ನಡೆದವು. ಎ.ಡಿ.ಎಸ್.ಎಲ್. ಪೆಟ್ಟಿಗೆಯನ್ನೂ ಜನ ಮೋಡೆಮ್ ಎಂದೇ ಕರೆದರು, ಆದರೆ ಅದಕ್ಕೆ ಫ್ಯಾಕ್ಸ್ ಬಾರದು. ಫ್ಯಾಕ್ಸ್ ಬೇಕಾದವರು ಸ್ಪ್ಲಿಟರಿನ ಫೋನ್ ಬಾಯಿಗೆ ಹಳೆಯ ಮೋಡೆಮನ್ನೋ, ಪ್ರಿಂಟರ್-ಸ್ಕ್ಯಾನರ್-ಫ್ಯಾಕ್ಸ್ ಮೂರೂ ಸೇರಿದ ಯಂತ್ರವನ್ನೋ ಜೋಡಿಸಿದರು. ಸಹಿ ಹಾಕಿದ ಹಾಳೆಯನ್ನು ನೇರ ಕಳಿಸಬಲ್ಲ ಎರಡನೆಯದೇ ಗೆದ್ದಿತು. ವಿನ್‌ಫ್ಯಾಕ್ಸನ್ನು ಸಿಮ್ಯಾಂಟೆಕ್ 2006ರಲ್ಲಿ ನಿಲ್ಲಿಸಿತು. ಮದರ್‌ಬೋರ್ಡುಗಳಿಂದ ಐ.ಎಸ್.ಎ. ಸ್ಲಾಟು ಮೊದಲೇ ಹೋಗಿತ್ತು, ಸೀರಿಯಲ್ ಪೋರ್ಟು ಆಮೇಲೆ ಹೋಯಿತು, ಲ್ಯಾಪ್‌ಟಾಪಿನ ಪಕ್ಕದ ಫೋನ್ ತೂತು ಕೊನೆಗೆ ಮುಚ್ಚಿತು.

ತಾಮ್ರದ ಜಾಗಕ್ಕೆ ಫೈಬರ್ ಬಂದ ಮನೆಗಳಲ್ಲಿ ಫೋನಿನ ದನಿ ಈಗ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಮಾತಿಗೆಂದು ಹಿಂಡಿದ ದನಿಯಲ್ಲಿ ಫ್ಯಾಕ್ಸಿನ ಸ್ವರಗಳು ಉಳಿಯುವುದಿಲ್ಲ, ಪ್ಯಾಕೆಟ್ ತಡವಾದರೂ ಕರೆ ಕಡಿಯುತ್ತದೆ. ಇದಕ್ಕೆಂದೇ 1998ರಲ್ಲಿ ಟಿ.38 ಎಂಬ ಮಾನಕ ರೂಪಿಸಲಾಗಿದೆ. ಸೇವೆ ಕೊಡುವವರು ಅದನ್ನು ಅಳವಡಿಸಿರದಿದ್ದರೆ, ಹಳೆಯ ಮೋಡೆಮನ್ನು ಫೈಬರ್ ಪೆಟ್ಟಿಗೆಯ ಫೋನ್ ಬಾಯಿಗೆ ಸಿಕ್ಕಿಸಿದರೂ ಪುಟ ಆ ಕಡೆ ತಲುಪುವ ಖಾತ್ರಿಯಿಲ್ಲ.